ತಾರಸಿಯ ಮೇಲಿನ ಆಂಟೆನಾ, ಕೆಳಗಿನ ನಾನು

ತಾರಸಿಯ ಮೇಲೊಂದು ಆಂಟೆನಾ ಇರುವ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಆಂಟೆನಾ ಹಾಕಿಸಿದವರು ಹೋದ ಮೇಲೂ ಅವು ನಿಲ್ಲುವುದಿಲ್ಲ ಎಂಬುದು ಮಾತ್ರ ನನಗೆ ಈಚೆಗೆ ತಿಳಿಯಿತು.

ಆಂಟೆನಾ ನನ್ನ ಹೆಂಡತಿಯದು. ನಾನು ಜಯನಗರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಅವಳು ಬ್ಯಾಂಕಿನಲ್ಲಿದ್ದಳು, ಬ್ಯಾಂಕು ಬಾಗಿಲು ಹಾಕಿದ ಮೇಲೆ ಹವ್ಯಾಸಿ ರೇಡಿಯೊದಲ್ಲಿರುತ್ತಿದ್ದಳು. ಇಂಥವರನ್ನು ಹ್ಯಾಮ್ ಎನ್ನುತ್ತಾರೆ. ಪರೀಕ್ಷೆ ಬರೆದು, ಪರವಾನಗಿ ಪಡೆದು, ಮನೆಯಲ್ಲೇ ವೈರ್‌ಲೆಸ್ ಸೆಟ್ ಇಟ್ಟುಕೊಂಡು ತಮ್ಮಂಥ ಇತರರೊಡನೆ ಮಾತಾಡುವವರು. ಒಂದು ಮಳೆಗಾಲ ಹೊಸಕೆರೆಹಳ್ಳಿ ಕಡೆಯ ತಗ್ಗಿನ ಮನೆಗಳಿಗೆ ನೀರು ನುಗ್ಗಿ ಕರೆಂಟೂ ಮೊಬೈಲೂ ಸತ್ತಾಗ, ಅವಳು ಎರಡು ದಿನ ಸೆಟ್ಟಿನ ಮುಂದೆ ಕೂತು ಯಾವ ಮನೆಗೆ ಇನ್ಸುಲಿನ್ ಬೇಕು, ಯಾವ ಮನೆಗೆ ದೋಣಿ ಬೇಕು ಎಂಬ ಸುದ್ದಿ ದಾಟಿಸಿದಳು. ನಾನು ಅವಳಿಗೆ ಕಾಫಿ ದಾಟಿಸಿದೆ.

ಹೋದ ವರ್ಷ ಅವಳು ತೀರಿಕೊಂಡಳು. ಸೆಟ್ಟು ಅವಳ ಮೇಜಿನ ಮೇಲೇ ಇತ್ತು. ಅದು ಅಲ್ಲೇ ಇರಲಿ ಎನ್ನುವುದೊಂದೇ ನನ್ನ ಆಸೆ. ಆದರೆ ಪರವಾನಗಿ ಇಲ್ಲದವರು ಅಂಥ ಸೆಟ್ಟನ್ನು ಬಳಸುವುದಿರಲಿ, ಮನೆಯಲ್ಲಿ ಇಟ್ಟುಕೊಳ್ಳುವುದೂ ತಪ್ಪು. ಗೊತ್ತಿಲ್ಲದವನಾಗಿದ್ದರೆ ಸುಮ್ಮನಿರುತ್ತಿದ್ದೆನೇನೋ. ನನಗೆ ಗೊತ್ತಿತ್ತು. ಅದಕ್ಕೇ ಒಂದು ಅರ್ಜಿ ಬರೆದುಕೊಂಡು ಸಂಬಂಧಪಟ್ಟ ಕಚೇರಿಗೆ ಹೋದೆ.

೧. ಹೊಸ ವಿಳಾಸ

ಕಚೇರಿಯಲ್ಲಿ ಒಬ್ಬ ಕಿರಿಯ ಇಂಜಿನಿಯರ್ ಸಿಕ್ಕಿದ. ಹುಬ್ಬಳ್ಳಿ ಕಡೆಯವನು, ಬಿಟಿಎಂನಲ್ಲಿ ಬಾಡಿಗೆಗಿದ್ದಾನೆ. ನನ್ನ ಅರ್ಜಿಯನ್ನು ಎರಡು ಸಲ ಓದಿದ. ಎದ್ದು ನಿಂತು, "ಭಾಳ ಕೆಟ್ಟ ಆತ್ರಿ ಸರ" ಎಂದ. ಆಮೇಲೆ ಕೂತು ಕಂಪ್ಯೂಟರಿನ ಕಡೆ ತಿರುಗಿದ.

ಸ್ವಲ್ಪ ಹೊತ್ತಾದ ಮೇಲೆ, "ಸರ, ಪರವಾನಗಿ ರದ್ದು ಮಾಡ್ಲಿಕ್ಕೆ ಪರವಾನಗಿದಾರರ ಫೋನಿಗೆ ಒಂದು ನಂಬರ್ ಬರ್ತೈತ್ರಿ. ಅವರs ಹೇಳಬೇಕು" ಎಂದ.

"ಅವರು ಇಲ್ವಲ್ಲಪ್ಪ."

"ನನಗ ತಿಳೀತ್ರಿ ಸರ. ಇದಕ್ಕ ತಿಳೀವಲ್ದು."

ಅವನು ಒಂದೊಂದೇ ಪುಟ ತೆರೆದು ನೋಡಿದ. ಮರಣಕ್ಕೆಂದು ಅಲ್ಲಿ ಯಾವ ಜಾಗವೂ ಇರಲಿಲ್ಲ. ನವೀಕರಣಕ್ಕಿತ್ತು, ಹೆಸರು ತಿದ್ದುಪಡಿಗಿತ್ತು, ಸ್ಥಳಾಂತರಕ್ಕಿತ್ತು. ಕೊನೆಗೆ, "ಸದ್ಯ ಸ್ಥಳಾಂತರದಾಗ ಹಾಕೋಣ್ರಿ. ನಮ್ಮ ಸಾಹೇಬರು ಕೈಲೆ ಬರೆದು ಸರಿ ಮಾಡ್ತಾರ" ಎಂದ. ನಾನು ಆಗಲಿ ಎಂದೆ.

"ತಾತ್ಕಾಲಿಕ, ಕಾಯಂ ಅಂತ ಎರಡು ಐತ್ರಿ."

"ಕಾಯಂ."

ಅವನು ಅದನ್ನು ಒತ್ತಿದ. ಮುಂದಿನ ಪುಟ ಬಂತು. ಅವನು ಪರದೆಯನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಪರದೆಯನ್ನು ನೋಡಿದ.

"ಏನು?" ಎಂದೆ.

"ಹೊಸ ಅಡ್ರೆಸ್ ಕೇಳ್ತೈತ್ರಿ ಸರ. ಪಿನ್ ಕೋಡ್ ಕಡ್ಡಾಯ ಅಂತ."

೨. ಕಾರ್ಯದರ್ಶಿಗಳ ತಲೆನೋವು

ಅವನ ಸಾಹೇಬರು ಕೈಲೇ ಬರೆದು ಸರಿ ಮಾಡಿದರು. ಜೊತೆಗೆ ನನಗೊಂದು ದಾರಿಯನ್ನೂ ತೋರಿಸಿದರು. ಮೂರು ತಿಂಗಳೊಳಗೆ ನಾನೇ ಪರೀಕ್ಷೆ ಪಾಸು ಮಾಡಿದರೆ ಸೆಟ್ಟು ನನ್ನ ಹೆಸರಿಗೆ ಬರುತ್ತದೆ. ಇಲ್ಲವಾದರೆ ಪರವಾನಗಿ ಇರುವ ಬೇರೆಯವರಿಗೆ ಕೊಟ್ಟುಬಿಡಬೇಕು. ಅಲ್ಲಿಯವರೆಗೆ ವೈರು ಬಿಚ್ಚಿಡಬೇಕು. ನಾನು ಅವತ್ತೇ ವೈರು ಬಿಚ್ಚಿ, ಅವಳ ಲಾಗ್ ಪುಸ್ತಕದಲ್ಲಿ ದಿನಾಂಕ, ಗಂಟೆ, ನಿಮಿಷ ಬರೆದು ಸಹಿ ಹಾಕಿದೆ. ಯಾವ ದಿನ ಯಾರೊಡನೆ ಎಷ್ಟು ಹೊತ್ತು ಮಾತಾಡಿದೆ ಎಂದು ಹ್ಯಾಮ್‌ಗಳು ಬರೆದಿಡುವ ಪುಸ್ತಕ ಅದು.

ನಮ್ಮದು ಬನಶಂಕರಿಯಲ್ಲಿ ಹನ್ನೆರಡು ಮನೆಗಳ ಅಪಾರ್ಟ್‌ಮೆಂಟು. ನಮ್ಮ ಮನೆ ಮೂರನೇ ಮಹಡಿಯಲ್ಲಿ. ಸರಿಯಾಗಿ ಕೆಳಗಿನ ಮನೆ ಸಂಘದ ಕಾರ್ಯದರ್ಶಿಗಳದು, ನಿವೃತ್ತ ಅಧಿಕಾರಿ. ವೈರು ಬಿಚ್ಚಿ ಐದನೇ ವಾರಕ್ಕೆ ಅವರು ಮೇಲೆ ಬಂದರು.

"ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ದಿನಾ ಬೆಳಿಗ್ಗೆ ಎದ್ದರೆ ತಲೆನೋವು. ನಿಮ್ಮ ಮಶೀನಿನದ್ದೇ. ರೇಡಿಯೇಷನ್ನು."

"ಸಾರ್, ಅದರ ವೈರು ಬಿಚ್ಚಿಯೇ ಒಂದು ತಿಂಗಳ ಮೇಲಾಯ್ತು."

"ಹಾಗಂತ ಎಲ್ಲರೂ ಹೇಳ್ತಾರೆ."

ನಾನು ಲಾಗ್ ಪುಸ್ತಕ ತಂದು ತೋರಿಸಿದೆ. ಬಿಚ್ಚಿದ ವೈರನ್ನೂ ತೋರಿಸಿದೆ. ಅವರು ಕನ್ನಡಕ ಏರಿಸಿ, ದಿನಾಂಕವನ್ನು ಬೆರಳಲ್ಲಿ ಮುಟ್ಟಿ, ಮನಸ್ಸಿನಲ್ಲೇ ಲೆಕ್ಕ ಹಾಕಿದರು.

"ನನ್ನ ತಲೆನೋವು ಶುರುವಾಗಿದ್ದೂ ಹೆಚ್ಚುಕಡಿಮೆ ಆವಾಗಿನಿಂದಲೇ. ಅಂದ್ರೆ ಆಫ್ ಮಾಡಿದ್ದರಿಂದ ಬಂದಿದ್ದು. ಇಷ್ಟು ವರ್ಷ ದೇಹಕ್ಕೆ ಅಭ್ಯಾಸ ಆಗಿತ್ತು ನೋಡಿ."

"ಹಾಗಾದರೆ ಏನು ಮಾಡಲಿ ಸಾರ್?"

"ಆಂಟೆನಾ ತೆಗೆಸಿಬಿಡಿ."

ಆ ತಿಂಗಳ ಸಭೆಯ ನಡಾವಳಿಯನ್ನು ಲಿಫ್ಟಿನ ಪಕ್ಕ ಅಂಟಿಸಿದ್ದರು. ಮೂರನೇ ಅಂಶ ಹೀಗಿತ್ತು: "ತಾರಸಿಯ ಆಂಟೆನಾ ಕೆಲಸ ಮಾಡದೆ ಇರುವುದರಿಂದ ನಿವಾಸಿಗಳ ಆರೋಗ್ಯಕ್ಕೆ ತೊಂದರೆ ಆಗುತ್ತಿದೆ. ಮುಂದಿನ ಸಭೆಯಲ್ಲಿ ತೆಗೆಸುವ ಬಗ್ಗೆ ತೀರ್ಮಾನಿಸುವುದು."

೩. ಕ್ರೀಡಾಜ್ಯೋತಿ

ಇದೇ ಹೊತ್ತಿಗೆ ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ಕ್ರೀಡಾಕೂಟಕ್ಕೆಂದು ಆನ್‌ಲೈನಿನಲ್ಲಿ ಆರು ವಾಕಿಟಾಕಿ ತರಿಸಿದರು.

ರೇಡಿಯೊ ತರಂಗಗಳ ಹಂಚಿಕೆ ಬಡಾವಣೆಯ ಸೈಟು ಹಂಚಿಕೆಯ ಹಾಗೆ. ಇಷ್ಟು ಪೊಲೀಸರಿಗೆ, ಇಷ್ಟು ಅಗ್ನಿಶಾಮಕದವರಿಗೆ, ಇಷ್ಟು ವಿಮಾನಕ್ಕೆ, ಮೂಲೆಯಲ್ಲೊಂದು ಸಣ್ಣ ಸೈಟು ಹ್ಯಾಮ್‌ಗಳಿಗೆ. ಆನ್‌ಲೈನಿನ ಅಗ್ಗದ ವಾಕಿಟಾಕಿಗೆ ಈ ಬೇಲಿಗಳು ಕಾಣುವುದಿಲ್ಲ. ನಾನು ಪರೀಕ್ಷೆಗೆ ಓದುತ್ತಿದ್ದ ಪುಸ್ತಕದಲ್ಲಿ ಇದು ಎರಡನೇ ಅಧ್ಯಾಯ. ಹೆಡ್ ಮೇಡಂಗೆ ಒಂದು ಟಿಪ್ಪಣಿ ಬರೆದುಕೊಟ್ಟೆ. ಅವರು ಅದರ ಮೇಲೆ "ನೋಡಿದೆ" ಎಂದು ಬರೆದು ಫೈಲಿಗೆ ಹಾಕಿದರು.

ಕ್ರೀಡಾಕೂಟದ ದಿನ ಮುಖ್ಯ ಅತಿಥಿ ಬರುವುದು ತಡವಾಯಿತು. ಹೆಡ್ ಮೇಡಂ ಹಾರ ಹಿಡಿದು ಗೇಟಿನಲ್ಲಿ ನಿಂತಿದ್ದರು. ಇಲ್ಲಿ ಮೈದಾನದ ನಡುವೆ ಪಿ.ಟಿ. ಮೇಷ್ಟ್ರು ಶಾಲೆಯ ಹೆಸರು ಹೇಳಿ, ವಾಕಿಟಾಕಿಯಲ್ಲಿ ಕ್ರೀಡಾಜ್ಯೋತಿಯ ರಿಹರ್ಸಲ್ ಮಾಡಿಸುತ್ತಿದ್ದರು.

"ಬೆಂಕಿ ಹತ್ತಿತಾ? ಚೆನ್ನಾಗಿ ಹತ್ತಿತಾ? ಹಾಂ, ಈಗ ಮಕ್ಕಳನ್ನ ಓಡ್ಸಿ! ಓಡ್ಸಿ! ಯಾರೂ ನಿಲ್ಲಬಾರದು! ಪುಟ್ಟ ಮಕ್ಕಳು ಮೊದಲು!"

ಹನ್ನೊಂದು ನಿಮಿಷದಲ್ಲಿ ಅಗ್ನಿಶಾಮಕ ವಾಹನ ಬಂತು. ಸೈರನ್ ಕೇಳಿದ ಹೆಡ್ ಮೇಡಂ ಮುಖ್ಯ ಅತಿಥಿ ಬಂದರೆಂದುಕೊಂಡರು. ಅವರ ಊಹೆ ಅಸಂಬದ್ಧವಲ್ಲ, ಅತಿಥಿಗಳು ಅಂಥವರೇ. ಮುಂದಿನ ಸೀಟಿನಿಂದ ಇಳಿದ ಅಧಿಕಾರಿಯ ಕೊರಳಿಗೆ ಹಾರ ಬಿತ್ತು. ಬ್ಯಾಂಡ್ ಶುರುವಾಯಿತು.

"ಮೇಡಂ, ಬೆಂಕಿ ಎಲ್ಲಿ?" ಎಂದರು ಅವರು.

"ಈಗ ತಾನೇ ಹಚ್ಚಿದ್ವಿ ಸಾರ್. ನೀವೇ ಉದ್ಘಾಟನೆ ಮಾಡಬೇಕು. ಬನ್ನಿ."

ಅವರನ್ನು ವೇದಿಕೆಗೆ ಕರೆದೊಯ್ದು ಮೈಕು ಕೊಟ್ಟರು. ಅವರು ಒಮ್ಮೆ ಜ್ಯೋತಿಯನ್ನೂ, ಒಮ್ಮೆ ಪಿ.ಟಿ. ಮೇಷ್ಟ್ರ ಕೈಯಲ್ಲಿದ್ದುದನ್ನೂ ನೋಡಿದರು. ಅನುಭವಸ್ಥರು. ಹಾರ ತೆಗೆಯದೆ, ಬೆಂಕಿಯಿಂದ ಎಚ್ಚರವಾಗಿರುವುದು ಹೇಗೆಂದು ಐದು ನಿಮಿಷ ಬಹಳ ಚೆನ್ನಾಗಿ ಮಾತಾಡಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಅದು ನಿಂತ ಮೇಲೆ ಅದೇ ಧ್ವನಿಯಲ್ಲಿ, "ಕೊನೆಯದಾಗಿ, ಆ ಆರೂ ವಾಕಿಟಾಕಿ ತಂದು ಈ ಟೇಬಲ್ ಮೇಲೆ ಇಡಬೇಕಾಗಿ ವಿನಂತಿ" ಎಂದರು.

ಅದಕ್ಕೂ ಚಪ್ಪಾಳೆ ಬಿತ್ತು.

೪. ಮೀನಿನ ಮುಳ್ಳು

ದೂರು ಪರವಾನಗಿ ಕಚೇರಿಗೆ ಹೋಯಿತು. ಅಲ್ಲಿಂದ ವಿಚಾರಣೆಗೆ ಬಂದವನು ನಮ್ಮ ಹುಬ್ಬಳ್ಳಿಯ ಇಂಜಿನಿಯರೇ. ಪಿ.ಟಿ. ಮೇಷ್ಟ್ರು ತಪ್ಪೊಪ್ಪಿಗೆ ಬರೆದುಕೊಟ್ಟರು. ಬರೆದು ಮುಗಿಸಿ, ಸಹಾಯವಾಗಲೆಂದು, "ನಮ್ಮದೇನು ಮಹಾ ಬಿಡಿ ಸಾರ್. ಸೈನ್ಸ್ ಮೇಷ್ಟ್ರ ಮನೇಲಿ ಇದಕ್ಕಿಂತ ದೊಡ್ಡದಿದೆ" ಎಂದೂ ಹೇಳಿದರು.

ಹೇಳಿಕೆ ದಾಖಲಾದ ಮೇಲೆ ಪರಿಶೀಲಿಸಲೇಬೇಕು. ಶನಿವಾರ ಮಧ್ಯಾಹ್ನ ಇಂಜಿನಿಯರ್ ನಮ್ಮ ಮನೆಗೆ ಬಂದ. ಕೈಯಲ್ಲಿ ಮೀನಿನ ಮುಳ್ಳಿನ ಆಕಾರದ ಒಂದು ಆಂಟೆನಾ. ಸಿಗ್ನಲ್ ಯಾವ ಕಡೆಯಿಂದ ಬರುತ್ತದೋ ಆ ಕಡೆ ತಿರುಗಿಸಿದರೆ ಅದಕ್ಕೆ ಜೋಡಿಸಿದ ಕೈಪೆಟ್ಟಿಗೆ ಜೋರಾಗಿ ಕೂಗುತ್ತದೆ. ಕಾರ್ಯದರ್ಶಿಗಳಿಗೆ ಯಾರು ಹೇಳಿದರೋ, ಅವರು ಲಿಫ್ಟಿನ ಬಾಗಿಲಲ್ಲೇ ಕಾದಿದ್ದರು.

"ಬನ್ನಿ ಸಾರ್, ನಾನೇ ತೋರಿಸ್ತೀನಿ. ನಾನೇ ಮೊದಲು ಕಂಪ್ಲೇಂಟ್ ಮಾಡಿದವನು."

ಇಂಜಿನಿಯರ್ ಮೊದಲು ತಾರಸಿಗೆ ಹೋಗಿ ಆಂಟೆನಾ ನೋಡಿದ, ಆಮೇಲೆ ಕೆಳಗೆ ಬಂದು ನನ್ನ ಸೆಟ್ಟು ನೋಡಿದ. ವೈರು ಬಿಚ್ಚಿತ್ತು, ಲಾಗ್ ಪುಸ್ತಕದಲ್ಲಿ ದಿನಾಂಕವಿತ್ತು. "ಇಲ್ಲೇನಿಲ್ರಿ" ಎಂದ. ಆದರೆ ಅವನ ಕೈಪೆಟ್ಟಿಗೆ ಕೂಗುತ್ತಲೇ ಇತ್ತು. ಮುಳ್ಳನ್ನು ಮೆಲ್ಲಗೆ ತಿರುಗಿಸಿದ. ಮೇಲೆ ಹಿಡಿದರೆ ಸದ್ದು ತಗ್ಗಿತು. ಕೆಳಗೆ ಹಿಡಿದರೆ ಏರಿತು. ಅವನು ಅದರ ಹಿಂದೆ ಹೊರಟ, ನಾವು ಅವನ ಹಿಂದೆ. ಮೆಟ್ಟಿಲಿಳಿದು ಒಂದು ಬಾಗಿಲ ಮುಂದೆ ನಿಂತೆವು.

"ಇದು ನಮ್ಮನೆ" ಎಂದರು ಕಾರ್ಯದರ್ಶಿಗಳು.

"ಹೌದ್ರಿ" ಎಂದ ಇಂಜಿನಿಯರ್.

ಮಲಗುವ ಕೋಣೆಯಲ್ಲಿ, ಮಂಚದ ತಲೆದಿಂಬಿಗೆ ಸರಿಯಾಗಿ ಮೇಲೆ, ಒಂದು ಮೊಬೈಲ್ ಸಿಗ್ನಲ್ ಬೂಸ್ಟರ್ ಇತ್ತು. ಕೋಣೆಯಲ್ಲಿ ಫೋನ್ ಸರಿಯಾಗಿ ಸಿಗುತ್ತಿಲ್ಲವೆಂದು ತರಿಸಿಕೊಂಡಿದ್ದರಂತೆ. ಅನುಮತಿ ಇಲ್ಲದೆ ಅದನ್ನು ಹಾಕುವಂತಿಲ್ಲ, ಹಾಕಿದರೆ ಇಡೀ ಬೀದಿಯ ಮೊಬೈಲು ಕೆಡುತ್ತದೆ. ಕಾರ್ಯದರ್ಶಿಗಳ ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಂತರು.

"ತಲೆ ಮೇಲೆ ಇದನ್ನ ಇಟ್ಕೊಂಡು ಮಲಗಿ, ಬೆಳಗಾದ್ರೆ ಮೇಲಿನ ಮನೆಯವರನ್ನ ಬೈತಿದ್ರಲ್ಲ ನೀವು!"

"ಇದನ್ನ ತೆಗೆದ್ರೆ ನಾನು ಫೋನ್‌ನಲ್ಲಿ ಮಾತಾಡೋದು ಎಲ್ಲಿ?" ಎಂದರು ಅವರು ಇಂಜಿನಿಯರ್ ಕಡೆ ತಿರುಗಿ.

"ತಾರಸಿ ಮ್ಯಾಲೆ ಹೋಗ್ರಿ ಸರ. ಈ ಸರ ಅವರ ಆಂಟೆನಾ ಕಂಬದ ಹತ್ರ ಛಲೋ ಸಿಗ್ತೈತಿ, ನಾ ಈಗ ನೋಡೇನಿ."

ಅಂದಿನಿಂದ ಕಾರ್ಯದರ್ಶಿಗಳು ಸಂಜೆ ನನ್ನ ಕಂಬಕ್ಕೆ ಒರಗಿಕೊಂಡು ಮಗಳೊಂದಿಗೆ ಮಾತಾಡುತ್ತಾರೆ. ಮುಂದಿನ ಸಭೆಯ ನಡಾವಳಿಯಲ್ಲಿ ಮೂರನೇ ಅಂಶ: "ಆಂಟೆನಾ ಕಂಬದ ಪಕ್ಕ ಒಂದು ಕಲ್ಲುಬೆಂಚು ಹಾಕಿಸುವುದು."

೫. ಟಿಕ್ ಹಾಕ್ರಿ ಸಾಕು

ಇಪ್ಪತ್ತಾರು ವರ್ಷ ಪರೀಕ್ಷಾ ಕೊಠಡಿಯಲ್ಲಿ ನಿಂತಿದ್ದೇನೆ. ಮೇಷ್ಟ್ರಾದ ಮೇಲೆ ಕೂತದ್ದು ಇದೇ ಮೊದಲು. ಒಳಗೆ ಹೋದರೆ ಪಕ್ಕದ ಬೆಂಚಿನಲ್ಲಿ ನಮ್ಮ ಶಾಲೆಯ ಒಂಬತ್ತನೇ ತರಗತಿಯ ಹುಡುಗಿ. ಅವಳೂ ಅದೇ ಪರೀಕ್ಷೆಗೆ ಬಂದವಳು.

"ಸಾರ್, ನೀವಾ!" ಎಂದಳು. ಆಮೇಲೆ ನನ್ನ ಮುಖ ನೋಡಿ ಧ್ವನಿ ತಗ್ಗಿಸಿ, "ಟೆನ್ಶನ್ ಮಾಡ್ಕೋಬೇಡಿ ಸಾರ್. ಮೊದಲು ಎಲ್ಲಾ ಪ್ರಶ್ನೆ ಓದಿ. ಗೊತ್ತಿರೋದನ್ನ ಮೊದಲು ಬರೀರಿ. ಅಕ್ಕಪಕ್ಕ ನೋಡಬೇಡಿ" ಎಂದಳು.

ಇವು ನನ್ನವೇ ಮಾತುಗಳು. ಇವುಗಳಿಂದ ಯಾವ ಧೈರ್ಯವೂ ಬರುವುದಿಲ್ಲವೆಂದು ಅವತ್ತು ತಿಳಿಯಿತು.

ಪ್ರಶ್ನೆಗೆ ನಾಲ್ಕು ಉತ್ತರ, ಒಂದಕ್ಕೆ ಗುರುತು ಹಾಕಬೇಕು. ಹದಿನಾಲ್ಕನೇ ಪ್ರಶ್ನೆಯಲ್ಲಿ ಎರಡು ಉತ್ತರಗಳು ಸರಿ ಇದ್ದವು. ನಾನು ಪಕ್ಕದ ಖಾಲಿ ಜಾಗದಲ್ಲಿ ಅದಕ್ಕೆ ಕಾರಣ ಬರೆಯತೊಡಗಿದೆ. ಜಾಗ ಸಾಲದೆ ಹಾಳೆಯ ಹಿಂದೆ ತಿರುಗಿಸಿ ಚಿತ್ರ ಬರೆದೆ, ಭಾಗಗಳನ್ನು ಗುರುತಿಸಿದೆ. ಮೇಲ್ವಿಚಾರಣೆಗಿದ್ದ ನಮ್ಮ ಇಂಜಿನಿಯರ್ ಎರಡು ಸಲ ಹತ್ತಿರ ಬಂದು ಹೋದ. ಮೂರನೇ ಸಲ ತಡೆಯಲಾಗಲಿಲ್ಲ.

"ಸರ, ಟಿಕ್ ಹಾಕ್ರಿ ಸಾಕು. ಇನ್ನ ಹದಿನೈದು ನಿಮಿಷ ಐತಿ, ನೀವು ಹದಿನಾಲ್ಕರಾಗs ಅದೀರಿ."

ಉಳಿದ ಪ್ರಶ್ನೆಗಳನ್ನು ನಾನು ನನ್ನ ವಿದ್ಯಾರ್ಥಿಗಳಲ್ಲಿ ಎಂದೂ ಕ್ಷಮಿಸದ ವೇಗದಲ್ಲಿ ಬರೆದೆ. ಮನೆಗೆ ಬಂದು ಸೆಟ್ಟಿನ ಮುಂದೆ ಕೂತೆ. ಫೇಲಾದರೆ ಇದನ್ನು ಯಾರಿಗೆ ಕೊಡಬಹುದು ಎಂದು ಮೂರು ಹೆಸರು ಬರೆದು, ಮೂರನ್ನೂ ಹೊಡೆದುಹಾಕಿದೆ.

ಫಲಿತಾಂಶ ಬಂತು. ಪಾಸಾಗಿದ್ದೆ, ಹೆಚ್ಚು ಅಂತರವಿಲ್ಲದೆ. ಮಾರನೆಯ ದಿನ ಒಂಬತ್ತನೇ ತರಗತಿಗೆ ಕಾಲಿಟ್ಟರೆ ನಲವತ್ತೆರಡು ಮಕ್ಕಳೂ ಎದ್ದು ಚಪ್ಪಾಳೆ ತಟ್ಟಿದರು. ಆ ಹುಡುಗಿ ಎಲ್ಲರಿಗೂ ಹೇಳಿದ್ದಳು.

"ಎಷ್ಟು ಮಾರ್ಕ್ಸ್ ಸಾರ್?" ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು.

"ಮಾರ್ಕ್ಸ್ ಮುಖ್ಯ ಅಲ್ಲ" ಎಂದೆ. ಆ ತರಗತಿಯ ಯೂನಿಟ್ ಟೆಸ್ಟಿನ ಅಂಕಗಳನ್ನು ಹೆಸರು ಹಿಡಿದು ಓದಿ ಹೇಳಲೆಂದೇ ನಾನು ಅವತ್ತು ಪಟ್ಟಿ ತಂದಿದ್ದೆ. ಅದನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

೬. ಮೊದಲ ಭಾನುವಾರ

ಪರವಾನಗಿ ನನ್ನ ಹೆಸರಿಗೆ ಬಂತು. ಸೆಟ್ಟು ಮೇಜಿನ ಮೇಲೇ ಉಳಿಯಿತು. ಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ, ನಿಯಮ ಮೀರಿದರೆ ಪರವಾನಗಿ ಹಿಂಪಡೆಯಲಾಗುವುದು ಎಂದಿತ್ತು. ನಾನು ಅದಕ್ಕೆ ಕೆಂಪು ಶಾಯಿಯಲ್ಲಿ ಅಡಿಗೆರೆ ಹಾಕಿದೆ.

ಭಾನುವಾರ ಬೆಳಿಗ್ಗೆ ಊರಿನ ಹ್ಯಾಮ್‌ಗಳೆಲ್ಲ ಒಂದೇ ಆವರ್ತನಕ್ಕೆ ಬಂದು ಸೇರುತ್ತಾರೆ. ಒಬ್ಬ ಹಿರಿಯರು ಹಾಜರಿ ಕರೆಯುತ್ತಾರೆ. ನಾನು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಸರದಿ ಬರುವವರೆಗೆ ಉಳಿದವರ ಮಾತು ಕೇಳಿ, ಮೈಕಿನ ಗುಂಡಿ ಒತ್ತಿ, ಪರವಾನಗಿಯಲ್ಲಿ ಕೊಟ್ಟ ನನ್ನ ಸಂಕೇತ ಹೇಳಿ ನಮಸ್ಕಾರ ಎಂದೆ. ಅಷ್ಟೇ. "ಓವರ್" ಎಂದೆ. ಹಿರಿಯರು, "ಸ್ವಾಗತ ಸಾರ್. ಈ ಸೆಟ್ಟಿನ ಸದ್ದು ಕೇಳಿ ಬಹಳ ದಿನ ಆಗಿತ್ತು" ಎಂದರು. ನಾನು ಮೈಕನ್ನು ಮೇಜಿನ ಮೇಲಿಟ್ಟೆ. ಅದರ ಮೇಲೆ ಒಂಬತ್ತನೇ ತರಗತಿಯ ಉತ್ತರಪತ್ರಿಕೆಗಳ ಕಟ್ಟನ್ನು ಇಟ್ಟೆ.

ಮೈಕಿನ ಗುಂಡಿ ಒತ್ತಿದಷ್ಟು ಹೊತ್ತೂ ನಾವು ಮಾತಾಡುತ್ತಿರುತ್ತೇವೆ, ಉಳಿದವರು ಕೇಳುತ್ತಿರಬೇಕು. ನಡುವೆ ಯಾರೂ ಬಾಯಿ ಹಾಕಲಾಗದು. ಹಳೆಯ ಸೆಟ್ಟು, ತಾನಾಗಿ ನಿಲ್ಲುವ ಏರ್ಪಾಡೂ ಅದರಲ್ಲಿಲ್ಲ. ಇದು ಪುಸ್ತಕದ ನಾಲ್ಕನೇ ಅಧ್ಯಾಯ. ನಲವತ್ತೆರಡು ಉತ್ತರಪತ್ರಿಕೆಗಳ ಭಾರ ಎಷ್ಟು ಎಂಬುದು ಪುಸ್ತಕದಲ್ಲಿರಲಿಲ್ಲ.

ಸೆಟ್ಟಿನಿಂದ ಸದ್ದೇ ಬರಲಿಲ್ಲ. ಎಲ್ಲರೂ ತಿಂಡಿಗೆ ಎದ್ದರೆಂದುಕೊಂಡು ನಾನೂ ಅಡಿಗೆಗೆ ಎದ್ದೆ. ಮೇಜಿನಿಂದ ಅಡಿಗೆಮನೆಗೆ ಎರಡೇ ಹೆಜ್ಜೆ. ಮೇಜಿನ ಮೇಲ್ಗಡೆ ಗೋಡೆಯಲ್ಲಿ ಅವಳ ಫೋಟೊ. ಅಡಿಗೆ ಮಾಡುತ್ತ ಅವಳಿಗೆ ಅಷ್ಟಿಷ್ಟು ಹೇಳುವುದು ನನಗೆ ರೂಢಿಯಾಗಿಬಿಟ್ಟಿದೆ.

ಅವತ್ತು ಸ್ವಲ್ಪ ಹೆಚ್ಚೇ ಹೇಳಿದೆ. ನಿನ್ನ ಸೆಟ್ಟಿನಲ್ಲಿ ಮಾತಾಡಿದೆ ಎಂದೆ. ಹಾಜರಿ ಕರೆಯುವ ಹಿರಿಯರು ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ತಡ ಎನ್ನುವವರ ಹಾಗೆ ಮಾತಾಡುತ್ತಾರೆ ಎಂದೆ. ಸುಬ್ರಹ್ಮಣ್ಯಪುರದವರೊಬ್ಬರು ತಮ್ಮ ಆಂಟೆನಾದ ಉದ್ದ ಹೇಳದೆ ಯಾವ ಮಾತನ್ನೂ ಮುಗಿಸುವುದಿಲ್ಲ ಎಂದೆ. ನಡುವೆ ಬಂದು ಒಂದು ಉತ್ತರಪತ್ರಿಕೆಯನ್ನು ಗಟ್ಟಿಯಾಗಿ ಓದಿ, "ಧ್ವನಿಗೆ ಚಲಿಸಲು ಬಸ್ ಬೇಕಂತೆ, ಕೇಳಿದೆಯಾ?" ಎಂದು ನಕ್ಕೆ. ಕೊನೆಗೆ ಹುಳಿ ಮಾಡುತ್ತ, "ನೀನು ಉಪ್ಪು ಯಾವಾಗ ಹಾಕ್ತಿದ್ದೆ? ಬೇಳೆ ಬೇಯೋ ಮೊದಲೋ, ಆಮೇಲೋ? ಎಷ್ಟು ಹಾಕ್ತಿದ್ದೆ? ನಾನು ಮಾಡಿದ್ದು ಒಂದು ಸಲನೂ ನಿನ್ನ ಹುಳಿ ಥರ ಆಗಿಲ್ಲ ನೋಡು" ಎಂದೆ.

ಬಾಗಿಲು ಬಡಿದ ಸದ್ದಾಯಿತು. ಇಂಜಿನಿಯರ್ ನಿಂತಿದ್ದ. ತಲೆಯ ಮೇಲೆ ಹೆಲ್ಮೆಟ್, ಕೈಯಲ್ಲಿ ಮೀನಿನ ಮುಳ್ಳು.

"ಸರ, ಆ ಪೇಪರ್ ಕಟ್ಟು ಎತ್ರಿ ಮೊದಲ."

ಎತ್ತಿದೆ. ಮೈಕು ಟಕ್ ಎಂದಿತು.

"ಮೂವತ್ತೆಂಟು ನಿಮಿಷ ಆತ್ರಿ ಸರ. ನಿಮಗ ಫೋನ್ ಹಚ್ಚಿದ್ರ ಎತ್ತವಲ್ರಿ."

ಫೋನು ಶಾಲೆಯ ಅಭ್ಯಾಸದಂತೆ ಸೈಲೆಂಟಿನಲ್ಲಿತ್ತು. ನನ್ನ ಕಣ್ಣು ಪರವಾನಗಿಯ ಕೆಂಪು ಗೆರೆಯ ಮೇಲೆ ಹೋಯಿತು.

"ಎಲ್ಲಾ ಕೇಳಿಸ್ತಾ?"

"ಎಲ್ಲಾ ಅಲ್ರಿ. ಕುಕ್ಕರ್ ಸೀಟಿ ಹೊಡದಾಗ ಸ್ವಲ್ಪ ತಪ್ಪಿತ್ರಿ."

"ಲೈಸೆನ್ಸ್ ಹೋಯ್ತಾ?"

ಅವನು ಬಾಯಿ ತೆರೆಯುವಷ್ಟರಲ್ಲಿ ಸೆಟ್ಟಿನಿಂದ ಹಾಜರಿಯ ಹಿರಿಯರ ಧ್ವನಿ ಬಂತು. ಗಾಡಿ ತಡ ಎನ್ನುವ ಅದೇ ಧ್ವನಿ.

"ಮೇಷ್ಟ್ರೇ, ಬೇಳೆ ಬೆಂದ ಮೇಲೆ. ಒಂದು ಬಟ್ಟಲು ಬೇಳೆಗೆ ಒಂದೂವರೆ ಚಮಚ. ಎರಡು ವರ್ಷದ ಹಿಂದೆ ನಿಮ್ಮ ಮನೆಯವರು ಇದೇ ಸೆಟ್ಟಿನಿಂದ ನಮ್ಮಾಕೆಗೆ ಹೇಳಿಕೊಟ್ಟಿದ್ರು, ನಾವು ಬರೆದಿಟ್ಕೊಂಡಿದೀವಿ. ಹಾಕಿದ್ರಾ ಇಲ್ವಾ? ಎಲ್ಲಾ ಸ್ಟೇಷನ್ನೂ ಕಾಯ್ತಾ ಇದೆ. ಓವರ್."

ನಾನು ಇಂಜಿನಿಯರನ್ನು ನೋಡಿದೆ. ಅವನು ಅಡಿಗೆಮನೆಗೆ ಹೋಗಿ, ಒಂದು ಚಮಚ ಹುಳಿ ಬಾಯಿಗೆ ಹಾಕಿಕೊಂಡು, ಇಲ್ಲವೆಂದು ತಲೆಯಾಡಿಸಿದ. ನಾನು ಗುಂಡಿ ಒತ್ತಿ, "ಇಲ್ಲ. ಓವರ್" ಎಂದೆ. ಆಮೇಲೆ ಗುಂಡಿ ಬಿಟ್ಟೆನೇ ಎಂದು ಎರಡು ಸಲ ನೋಡಿದೆ.

ಒಂದೂವರೆ ಚಮಚ ಹಾಕಿದೆ. ಅದೇ ಹುಳಿ ಬಂತು. ಇಂಜಿನಿಯರ್ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ. ಎಚ್ಚರಿಕೆ ಪತ್ರ ಬರುವಾಗಲೇ ಅವನ ಜೇಬಿನಲ್ಲಿತ್ತು. ಕೈ ತೊಳೆದುಕೊಂಡ ಮೇಲೆ ಕೊಟ್ಟ.